ಊರಮ್ಮಕ್ಕನಿಗೆ ಕೊಟ್ಟ ಪುಡಿ

ಜುಲೈ 16, ಬುಧವಾರ

ಬ್ಲೌಸಿನ ಹುಕ್ಕು ಇವತ್ತೂ ಇವರೇ ಹಾಕಿದರು. ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಸೂರು ನೋಡುತ್ತಾ ನಿಲ್ಲುತ್ತೇನೆ, ಅಷ್ಟೇ. ಒಂದು ಹುಕ್ಕು ತಪ್ಪಿತು. ಎಲ್ಲ ಬಿಚ್ಚಿ ಮತ್ತೆ ಹಾಕಿದರು. ಬಸ್ಸು ತಪ್ಪಿತು.

ಮುಂದಿನ ಬಸ್ಸಿನಲ್ಲಿ ಕುರುಗೋಡಿನಿಂದ ಬಳ್ಳಾರಿತನಕ ನಿಂತೇ ಹೋದೆ. ಮೇಲಿನ ಕಂಬಿ ಹಿಡಿಯಲಾಗಲ್ಲ, ಭುಜ ಎತ್ತಿದರೆ ಜೀವ ಹೋಗುತ್ತದೆ. ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದ. ಪರ್ಸಿನ ಜಿಪ್ಪು ಎಳೆಯಲಾಗಲಿಲ್ಲ. ಪಕ್ಕದ ಹುಡುಗಿ ಎಳೆದುಕೊಟ್ಟಳು. "ಬಿದ್ದಿದ್ರೇನ್ರಿ ಅಕ್ಕಾ?" ಹೂಂ ಎಂದೆ. ಡಯಾಲಿಸಿಸ್ ಎಂದರೆ ಊರು ಬರುವವರೆಗೂ ಪ್ರಶ್ನೆ.

ಸೂಜಿ ಚುಚ್ಚುವ ನೋವು ಈಗ ನೋವೇ ಅಲ್ಲ. ಮಷೀನು ತಿರುಗತೊಡಗಿದ ಮೇಲೆ ಶುರು. ಎಡಗೈ ಅಲ್ಲಾಡಿಸುವಂತಿಲ್ಲ. ಮೊದಲು ಬೆರಳು ಮಂಜುಗಡ್ಡೆ. ಆಮೇಲೆ ಮಣಿಕಟ್ಟಿನಿಂದ ಭುಜದವರೆಗೆ ಒಳಗೇ ಯಾರೋ ತಂತಿ ಬಿಗಿದ ಹಾಗೆ. ನಾಲ್ಕು ವರ್ಷವಾಯಿತು ಈ ಹಾಸಿಗೆಗೆ ಬಂದು. ಕಿಡ್ನಿ ಹೋದದ್ದಕ್ಕೆ ಇಷ್ಟು ಅತ್ತಿರಲಿಲ್ಲ.

ಪಕ್ಕದ ಹಾಸಿಗೆ ಊರಮ್ಮಕ್ಕನದು. ಸಿರುಗುಪ್ಪ ತಾಲೂಕು, ರಾರಾವಿ. ಭತ್ತದ ನಾಟಿಗೆ ಹೋಗಿ ಹೋಗಿ ಗಟ್ಟಿಯಾಗಿದ್ದ ಕೈ. ಈಗ ಗಂಡ ಜಂಬಣ್ಣನ ಕಾಲುಚೀಲ ಕೈಗೆ ಹಾಕಿಕೊಂಡು ಮಲಗುತ್ತಾಳೆ. ಅವಳಿಗೂ ಇದೇ ನೋವು, ನನಗಿಂತ ಹೆಚ್ಚು.

"ರಶ್ಮವ್ವಾ, ಈ ಮಷೀನಿಗೆ ರಕ್ತ ತೊಳಿಯಾಕ ಬರ್ತೈತಿ. ನೋವು ತೊಳಿಯಾಕ ಯಾಕ ಬರಂಗಿಲ್ಲ?"

ಟೆಕ್ನೀಷಿಯನ್ ಓಬಣ್ಣ ನಕ್ಕ. ನಾವಿಬ್ಬರೂ ನಗಲಿಲ್ಲ.

ಜುಲೈ 19, ಶನಿವಾರ

ಮನೆ ಮುಂದಿನ ನನ್ನ ಪಾರ್ಲರ್‌ಗೆ ಇಬ್ಬರು ಬಂದಿದ್ದರು. ಪಂಚಮಿ ಹತ್ತಿರ ಬಂತು, ತವರಿಗೆ ಹೋಗುವವರಿಗೆ ಹುಬ್ಬು ತೀಡಿಸಬೇಕು.

ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿ, ಉಳಿದದ್ದನ್ನು ಎರಡೂ ಕೈಯ ಬೆರಳಿಗೆ ಸುತ್ತಿಕೊಳ್ಳಬೇಕು. ಹದಿನೆಂಟು ವರ್ಷ ಮಾಡಿದ ಕೆಲಸ. ಮೊದಲನೆಯವಳದು ಹೇಗೋ ಮುಗಿಸಿದೆ. ಎರಡನೆಯವಳ ಬಲಹುಬ್ಬಿನ ಮೇಲೆ ಹೆಬ್ಬೆರಳು ಸತ್ತುಹೋಯಿತು. ದಾರ ಜಾರಿ ಚರ್ಮ ಕೊಯ್ಯಿತು. ಹುಬ್ಬಿನ ಬಾಲವೇ ಹೋಯಿತು. ರಕ್ತ.

"ಪರವಾಗಿಲ್ರಿ ಅಕ್ಕಾ, ಪೆನ್ಸಿಲ್ ಹಚ್ಕೊಂತೀನಿ" ಅಂದಳು. ಕನ್ನಡಿಯಲ್ಲಿ ತನ್ನ ಮುಖ ನೋಡುವುದು ಬಿಟ್ಟು ನನ್ನ ಮುಖ ನೋಡಿದಳು. ಕಪ್ಪಿಟ್ಟ ಕೆನ್ನೆ, ಒಡೆದ ತುಟಿ. ಇಂಥವಳ ಹತ್ತಿರ ಯಾಕೆ ಬಂದೆ ಅಂದುಕೊಂಡಿರಬೇಕು. ಪಾಪ, ಬಾಯಿ ಬಿಟ್ಟು ಅನ್ನಲಿಲ್ಲ.

ಬಾಗಿಲು ಹಾಕಿ ಬೋರ್ಡು ಒಳಗಿಟ್ಟೆ.

ಜುಲೈ 21, ಸೋಮವಾರ

ಡಾಕ್ಟರ್ ಮೇಡಂ ರೌಂಡಿಗೆ ಬಂದಿದ್ದರು. ರಿಪೋರ್ಟು ನೋಡಿದರು. ರಂಜಕ ಏರಿದೆ, ಎಲುಬು ಸವೆಯುತ್ತಿದೆ. ವರ್ಷಗಟ್ಟಲೆ ಡಯಾಲಿಸಿಸ್ ಆದವರಿಗೆ ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುತ್ತದೆ, ಸಣ್ಣ ಆಪರೇಷನ್ ಮಾಡಬಹುದು, ಸರ್ಜನ್‌ಗೆ ಬರೆದು ಕೊಡುತ್ತೇನೆ ಎಂದರು.

"ಅಲ್ಲೀವರೆಗೆ ಮೇಡಂ?"

"ಪ್ಯಾರಾಸಿಟಮಾಲ್. ಅದು ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಟಬೇಡಿ ರಶ್ಮಿ. ಹೊಟ್ಟೆಯಲ್ಲಿ ರಕ್ತಸ್ರಾವ ಆಗುತ್ತದೆ. ಇಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಷೀನಿನಲ್ಲಿ ಬೇರೆ ಔಷಧಿ ಕೊಡುತ್ತೇವಲ್ಲ, ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ."

ಪ್ಯಾರಾಸಿಟಮಾಲ್! ಬೆಂಕಿ ಬಿದ್ದ ಬಣವೆಗೆ ಚೊಂಬು ನೀರು.

ಊರಮ್ಮಕ್ಕನ ಮಗಳು ಅಕ್ಷತಾ ಹಡೆದಳಂತೆ. ಹೆಣ್ಣು ಕೂಸು. ಮದುವೆಯಾಗಿ ಏಳು ವರ್ಷಕ್ಕೆ. ವಾರ್ಡಿನಲ್ಲಿ ಎಲ್ಲರಿಗೂ ಪೇಡಾ ಹಂಚಿದಳು, ನಾವು ಯಾರೂ ತಿನ್ನುವಂತಿಲ್ಲ. ಕೈಯಲ್ಲಿ ಹಿಡಿದುಕೊಂಡು ಕೂತೆವು.

ಜುಲೈ 24, ಗುರುವಾರ

ಅಮಾವಾಸ್ಯೆ. ಚಹದ ಲೋಟ ಬಿತ್ತು. ಒರೆಸಲು ಬಗ್ಗಿದೆ, ಬಟ್ಟೆ ಹಿಂಡಲಾಗಲಿಲ್ಲ. ಅಲ್ಲೇ ಕೂತುಬಿಟ್ಟೆ.

ಇವರು ಗೊಬ್ಬರದಂಗಡಿಗೆ ಹೊರಟಿದ್ದವರು ತಿರುಗಿ ಬಂದು ಒರೆಸಿದರು. ಬೈದಿದ್ದರೆ ಚೆನ್ನಾಗಿತ್ತು.

"ನನ್ನ ಕೈ ಕಡಿದು ಒಗೀರಿ" ಎಂದೆ.

"ಸುಮ್ನಿರಲೇ."

"ಖರೇನ ಹೇಳಾಕತ್ತೀನಿ. ಇಲ್ಲಾಂದ್ರ ಡಯಾಲಿಸಿಸ್ ಬಿಡ್ತೀನಿ. ಹತ್ತು ದಿನದಾಗ ಮುಗೀತೈತಿ."

ಕೂತರು. ನನ್ನ ಕೈ ಹಿಡಿಯಲು ಬಂದು, ನೋಯುತ್ತದೆ ಎಂದು ನೆನಪಾಗಿ, ಸೆರಗು ಹಿಡಿದುಕೊಂಡು ಕೂತರು.

ನಾನು ಸುಳ್ಳು ಹೇಳಿರಲಿಲ್ಲ. ಆ ಹೊತ್ತಿಗೆ ಅದು ಖರೆ. ಈಗಲೂ ಖರೆಯೇ.

ಜುಲೈ 26, ಶನಿವಾರ

ಸಿರುಗುಪ್ಪಕ್ಕೆ ಅಕ್ಕನ ಮನೆಗೆ ಎಂದು ಇವರಿಗೆ ಹೇಳಿ ಹೊರಟೆ. ಅಕ್ಕನ ಮನೆಗೆ ಹೋಗಲಿಲ್ಲ.

ಪಾರ್ಲರ್‌ಗೆ ಬರುವ ಅಂಗನವಾಡಿ ಟೀಚರ್ ಹೊನ್ನೂರಮ್ಮ ಹೇಳಿದ್ದು. ಸಿರುಗುಪ್ಪದಿಂದ ಆಚೆ ಒಂದು ಹಳ್ಳಿ, ಅಲ್ಲೊಬ್ಬ ಕೀಲುನೋವಿಗೆ ಪುಡಿ ಕೊಡುತ್ತಾನೆ. ಅವಳ ಅತ್ತೆ ಕೋಲು ಬಿಟ್ಟು ನಡೆದಳಂತೆ. ಆಟೋ ಇಳಿದರೆ ಜನವೋ ಜನ. ಆಂಧ್ರದ ಕಡೆಯವರೂ ಇದ್ದರು, ತೆಲುಗು ಮಾತು.

ನನ್ನ ಸರದಿ ಬಂತು.

"ಸುಗರು, ಬಿಪಿ, ಕಿಡ್ನಿ ಏನಾರ ಐತೇನ್ರಿ?"

ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಯ ಗಂಟುನರದ ಮೇಲೆ ಸೆರಗು ಎಳೆದುಕೊಂಡೆ.

"ಏನೂ ಇಲ್ರಿ."

ಅವನು ಕೇಳಿದ್ದ. ನಾನೇ ಇಲ್ಲ ಎಂದೆ. ಇದನ್ನು ಬರೆದಿಡಬೇಕು.

ಕಂದು ಪುಡಿ, ಚಿಕ್ಕ ಚಿಕ್ಕ ಕಾಗದದ ಪೊಟ್ಟಣ. ಹೊತ್ತಿಗೊಂದು. ಬಸ್ಸಿನಲ್ಲೇ ಒಂದು ಬಾಯಿಗೆ ಹಾಕಿಕೊಂಡೆ. ಬರೀ ಕಹಿ.

ಜುಲೈ 27, ಭಾನುವಾರ

ಕೈ ಮುಚ್ಚಿದೆ. ತೆರೆದೆ. ಮತ್ತೆ ಮುಚ್ಚಿದೆ.

ನೋವಿಲ್ಲ.

ನೋವಿಲ್ಲ!

ನನ್ನ ತಲೆ ನಾನೇ ಬಾಚಿದೆ. ಹುಕ್ಕು ಹಾಕಿಕೊಂಡೆ. ಶೇಂಗಾ ಹುರಿದು ಬೆಲ್ಲದ ಪಾಕ ಮಾಡಿ ಪಂಚಮಿಗೆ ಉಂಡಿ ಕಟ್ಟಿದೆ, ಬಿಸಿಬಿಸಿ ಇರುವಾಗಲೇ. ಇವರು ಬಾಗಿಲಲ್ಲಿ ನಿಂತು ನೋಡಿದರು.

"ಏನಲೇ ಇದು?"

"ದೇವರು ಕಣ್ಣು ತೆರೆದಾನ" ಎಂದೆ. ಅಕ್ಕ ಎಣ್ಣೆ ಕೊಟ್ಟಳು, ಹಚ್ಚಿಕೊಂಡೆ ಎಂದೂ ಸೇರಿಸಿದೆ. ನಂಬಿದರು. ಒಂದು ಉಂಡಿ ತಿಂದು ಮತ್ತೊಂದು ತೆಗೆದುಕೊಂಡರು. ಎಷ್ಟು ದಿನವಾಗಿತ್ತು ಇವರು ಹಾಗೆ ನಿಂತು ತಿಂದು.

ಮಧ್ಯಾಹ್ನ ಬೋರ್ಡು ಹೊರಗಿಟ್ಟೆ. ಸಂಜೆತನಕ ಕೂತೇ ಇಲ್ಲ. ದಾರ ಕೈಯಲ್ಲಿ ಕುಣಿಯಿತು.

ಜುಲೈ 28, ಸೋಮವಾರ

ಊರಮ್ಮಕ್ಕ ನನ್ನ ಕೈ ನೋಡಿದ ಕೂಡಲೇ ಹಿಡಿದಳು. ಫೋನ್ ಒತ್ತುತ್ತಿದ್ದೆ, ಹೆಬ್ಬೆರಳಿನಲ್ಲಿ. ಅದನ್ನೇ ನೋಡುತ್ತಿದ್ದಳು.

"ಏನ್ ಮಾಡ್ದಿ? ಖರೆ ಹೇಳು."

ಹೇಳಬಾರದಿತ್ತು. ಅವಳೇ ತನ್ನದು ಮೊದಲು ಹೇಳಿದಳು. ಕೂಸಿಗೆ ಎರೆಯಲು ಕೂತಿದ್ದಳಂತೆ, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು. ಎಣ್ಣೆ ಕೈ. ಬೆರಳು ಹಿಡಿಯಲಿಲ್ಲ. ಕೂಸು ಜಾರಿತು. ಕಲ್ಲಿಗೆ ಬಡಿಯುವುದರೊಳಗೆ ಅಕ್ಷತಾ ಹಿಡಿದಳು.

"ಹಸಿ ಬಾಣಂತಿ ಚೀರಿಬಿಟ್ಳವ್ವ. 'ಯವ್ವಾ, ನೀ ಮುಟ್ಟಬ್ಯಾಡ' ಅಂದ್ಳು. ಈಗ ಓಣ್ಯಾಗಿನಾಕಿ ಬಂದು ಎರೀತಾಳ. ನಾ ದೂರ ಕುಂತು ನೋಡ್ತೀನಿ. ಏಳು ವರ್ಷ ಕಾದೀನಿ ರಶ್ಮವ್ವಾ. ಓಣಿ ಕೂಸಿಗೆಲ್ಲ ಎರದಾಕಿ ನಾನು…"

ಅವಳು ಅಳುವಾಗ ಕಣ್ಣು ಒರೆಸಿಕೊಳ್ಳಲೂ ಆಗುವುದಿಲ್ಲ. ಒಂದು ಕೈಗೆ ಸೂಜಿ, ಒಂದು ಕೈಗೆ ನೋವು.

ಬ್ಯಾಗಿನಲ್ಲಿದ್ದ ಪೊಟ್ಟಣಗಳಲ್ಲಿ ಅರ್ಧಕ್ಕರ್ಧ ಕೊಟ್ಟೆ. ಡಾಕ್ಟರ್ ಮೇಡಂ ಹೇಳಿದ್ದು ನೆನಪಿತ್ತು. ಹೇಳಲಿಲ್ಲ. ನನಗೇನೂ ಆಗಿರಲಿಲ್ಲವಲ್ಲ.

ಜುಲೈ 30, ಬುಧವಾರ

ಊರಮ್ಮಕ್ಕ ಕಾಲುಚೀಲ ಇಲ್ಲದೆ ಬಂದಳು! ಬಾಗಿಲಿನಿಂದಲೇ ಎರಡೂ ಕೈ ಎತ್ತಿ ಬೆರಳು ಆಡಿಸಿ ತೋರಿಸಿದಳು. ಪಂಚಮಿ ದಿನ ಕೂಸಿಗೆ ತಾನೇ ಎರೆದಳಂತೆ. ಡಯಾಲಿಸಿಸ್ ಮುಗಿಯುವವರೆಗೂ ಅದೇ ಮಾತು. ಎಷ್ಟು ಬಿಸಿ ನೀರು, ಬೆನ್ನಿಗೆ ಹೇಗೆ ತಟ್ಟಿದೆ, ಮೂಗು ಹೇಗೆ ತೀಡಿದೆ.

"ನೀ ನನ್ನ ಹೊಟ್ಟ್ಯಾಗ ಹುಟ್ಟಬೇಕಿತ್ತವ್ವ."

ಬಸ್ಸಿನಲ್ಲಿ ಬರುವಾಗ ಕಂಬಿ ಹಿಡಿದು ನಿಂತೆ, ಸೀಟು ಖಾಲಿ ಇದ್ದರೂ.

ಆಗಸ್ಟ್ 6, ಬುಧವಾರ. ಆಸ್ಪತ್ರೆ

ಬಲಗೈಗೆ ಸಲೈನು ಇತ್ತು, ಇವತ್ತು ತೆಗೆದರು. ಹಾಸ್ಟೆಲ್‌ನಿಂದ ಬಂದ ಮಗಳು ಚೈತ್ರಾ ಮನೆಯಿಂದ ಈ ಪುಸ್ತಕ ತಂದುಕೊಟ್ಟಳು.

ಮಲ ಕಪ್ಪಗಾಗಿತ್ತು. ಕಬ್ಬಿಣಾಂಶದ ಮಾತ್ರೆಯಿಂದ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದೆನಂತೆ, ಬಾಯಲ್ಲಿ ರಕ್ತ. ಇವರು ಅಂಗಡಿಯ ಗಾಡಿಯಲ್ಲೇ ಹಾಕಿಕೊಂಡು ಬಳ್ಳಾರಿಗೆ ತಂದರು. ನಮ್ಮ ಡಯಾಲಿಸಿಸ್ ಇರುವ ಆಸ್ಪತ್ರೆಯೇ. ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿದರು, ಹುಣ್ಣು. ಬಾಟಲಿ ಬಾಟಲಿ ರಕ್ತ ಕೊಟ್ಟರು.

ಏನು ತಿಂದಿರಿ ಎಂದು ಡಾಕ್ಟರ್ ಮೇಡಂ ಕೇಳಿದಾಗ ಏನೂ ಇಲ್ಲ ಎಂದಿದ್ದೆನಂತೆ. ಇವರು ಮನೆಗೆ ಹೋಗಿ ಪಾರ್ಲರ್ ಡ್ರಾಯರ್ ಹುಡುಕಿ ಪೊಟ್ಟಣ ತಂದು ಅವರ ಮುಂದೆ ಇಟ್ಟರು. ನೋವಿನ ಮಾತ್ರೆ, ಸ್ಟೀರಾಯ್ಡು, ಎರಡನ್ನೂ ಪುಡಿಮಾಡಿ ಬೆರೆಸಿರುತ್ತಾರೆ ಎಂದರಂತೆ.

"ನನಗ ಒಂದು ಮಾತು ಹೇಳಬಾರದಿತ್ತೇನು?"

"ಹೇಳಿದ್ರ ಬಿಡ್ತಿದ್ರೇನ್ರಿ?"

"ಬಿಡ್ತಿದ್ದಿಲ್ಲ."

"ಅದಕ್ಕ."

ಗೋಡೆ ನೋಡುತ್ತಾ ಕೂತರು. ಗಡ್ಡ ಬೆಳೆದಿದೆ. ಆಗ ನೆನಪಾಯಿತು. ಎದ್ದು ಕೂರಲು ಹೋದೆ, ಆಗಲಿಲ್ಲ.

ಊರಮ್ಮಕ್ಕ.

ಸೋಮವಾರ ಬಂದಿಲ್ಲ, ಇವತ್ತೂ ಬಂದಿಲ್ಲ ಎಂದರು ಸಿಸ್ಟರ್. ಜಂಬಣ್ಣನ ಫೋನು ಸ್ವಿಚ್ ಆಫ್. ಯಾವಾಗಲೂ ಸ್ವಿಚ್ ಆಫ್ ಅದು.

"ಆಕಿಗೂ ಆ ಪುಡಿ ಕೊಟ್ಟೀನಿ. ನೀವ ಹೋಗ್ರಿ. ಕಾಲಿಗೆ ಬೀಳ್ತೀನಿ. ರಾರಾವಿಗೆ ಹೋಗ್ರಿ."

ಆಗಸ್ಟ್ 7, ಗುರುವಾರ

ಇವರು ಹೋಗಿಬಂದರು. ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

ಜಂಬಣ್ಣ ಗದ್ದೆಗೆ ಹೋಗಿದ್ದ. ಅಕ್ಷತಾ ಒಳಗೆ ಮಲಗಿದ್ದಳು. ಊರಮ್ಮಕ್ಕ ಹಿತ್ತಲ ಬಚ್ಚಲಲ್ಲಿ ಕಾಲು ಚಾಚಿ ಕೂತಿದ್ದಳು. ಕಾಲ ಮೇಲೆ ಕೂಸು. ಹಂಡೆಯಿಂದ ಹಬೆ. ಮುಖ ಬಾತಿತ್ತಂತೆ, ಎರಡು ಸಲ ಡಯಾಲಿಸಿಸ್ ತಪ್ಪಿಸಿದ್ದಕ್ಕೆ ಏದುಸಿರು. ಆದರೂ ಕೈ ನಿಂತಿರಲಿಲ್ಲ.

ಇವರು ಹೇಳಿದರು. ರಶ್ಮಿಗೆ ಹೀಗಾಯಿತು, ರಕ್ತ ಕಾರಿದಳು, ಆ ಪುಡಿ ವಿಷ, ಉಳಿದದ್ದು ಕೊಡ್ರಿ ಎಂದು.

"ಎರದು ಮುಗಸ್ತೀನಿ, ತಡೀರಿ ಅಣ್ಣಾ" ಅಂದಳಂತೆ.

ಪೂರ್ತಿ ಎರೆದಳು. ಒರೆಸಿದಳು. ಸಾಂಬ್ರಾಣಿ ಹೊಗೆ ಹಾಕಿದಳು. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿ ಬಂದು, "ರಶ್ಮವ್ವ ಹೆಂಗದಾಳ?" ಎಂದು ಕೇಳಿದಳು. ಬದುಕಿದ್ದಾಳೆ ಎಂದ ಮೇಲೆ ಸೂರಿನ ಸಂದಿಯಿಂದ ಮೂರು ಪೊಟ್ಟಣ ತೆಗೆದು ಕೊಟ್ಟಳು. ನಾಳೆಯೂ ಕೂಸನ್ನು ಬಿಟ್ಟು ಬರಲಾಗಲ್ಲ, ಸೋಮವಾರ ತಪ್ಪದೆ ಬರುತ್ತೇನೆ ಎಂದಳು.

ಮೂರೇ? ನಾನು ಕೊಟ್ಟ ಪೊಟ್ಟಣ ಬಹಳ ಇದ್ದವು. ಇವರಿಗೆ ಹೇಳಲಿಲ್ಲ. ತಿಂದಿರಬೇಕು ಎಂದುಕೊಂಡೆ.

ನನ್ನ ನೋವು ತಿರುಗಿ ಬಂದಿದೆ. ಬಡ್ಡಿ ಸಮೇತ.

ಆಗಸ್ಟ್ 11, ಸೋಮವಾರ

ಶನಿವಾರ ಡಿಸ್ಚಾರ್ಜ್ ಮಾಡಿದರು. ಇವತ್ತು ಮನೆಯಿಂದ ಡಯಾಲಿಸಿಸ್‌ಗೆ.

ಊರಮ್ಮಕ್ಕ ಬಂದಿದ್ದಳು! ಹೊರಗೆ ಬೆಂಚಿನ ಮೇಲೆ ನನಗಾಗಿ ಕಾಯುತ್ತಿದ್ದಳು. ನನ್ನ ತಲೆ ಹಿಡಿದು ಎದೆಗೆ ಒತ್ತಿಕೊಂಡಳು. ತಲೆ ಕೆದರಿದೆ ಎಂದು ಕೂರಿಸಿ, ಬಿಚ್ಚಿ, ಬಾಚಿ, ಜಡೆ ಹಾಕಿದಳು. ಬಿಗಿಯಾದ ಜಡೆ. ಒಂದು ಎಳೆ ತಪ್ಪಲಿಲ್ಲ.

ಜಡೆ ಮುಗಿದಾಗ ನನಗೆ ಗೊತ್ತಾಯಿತು.

"ಅಕ್ಕಾ, ಇನ್ನೂ ತಗೋತಿ ಹೌದಲ್ಲ."

ಬಾಚಣಿಗೆಯ ಕೂದಲು ಬಿಡಿಸತೊಡಗಿದಳು.

"ನಾ ಸಾಯಾಕ ಬಿದ್ದಿದ್ದೆ. ಇವ್ರು ಹೇಳಿಲ್ಲೇನು ನಿನಗ?"

"ಹೇಳ್ಯಾರ. ಕೇಳೀನಿ. ಮೂರು ತಿಂಗಳಿಗೆ ತೊಟ್ಲಾಗ ಹಾಕೂತನಕ ಅಷ್ಟ ರಶ್ಮವ್ವಾ. ಆಮ್ಯಾಲ ಕೂಸಿನ ಕುತ್ತಿಗಿ ನಿಲ್ತೈತಿ, ಯಾರರ ಎರೀಲಿ. ನಾ ಬಿಟ್ಟುಬಿಡ್ತೀನಿ."

"ಅಲ್ಲೀತನಕ ನೀ ಉಳೀಬೇಕಲ್ಲ?"

"ನೀ ಉಳಕೊಂಡಿ. ನಾನೂ ಉಳಕೊಂತೀನಿ." ನಕ್ಕಳು. ಆಮೇಲೆ ನಗು ಬಿಟ್ಟು, "ಯಾರಿಗೂ ಹೇಳಬ್ಯಾಡ. ಇದು ವಿಷ ಅಂತ ನಮ್ಮ ಮನಿಯವನಿಗೂ ಗೊತ್ತಿಲ್ಲ. ಹೇಳಿದ್ರ ಕೂಸಿನ ತಗೊಂಡು ಬಿಡ್ತಾರ ನನ್ನ ಕೈಯಾಗಿಂದ."

ಒಳಗೆ ಹೋದೆವು. ನನಗೆ ಆ ಹೆಪ್ಪುಗಟ್ಟದ ಔಷಧಿ ಇಲ್ಲದೆ ಡಯಾಲಿಸಿಸ್, ಚೀಟಿಯಲ್ಲೇ ಬರೆದಿತ್ತು. ಓಬಣ್ಣ ಅವಳ ಮಷೀನಿಗೆ ಎಂದಿನಂತೆ ಹಾಕಿದ. ಸಿರಿಂಜು ನೋಡಿದೆ.

"ಸಿಸ್ಟರ್" ಎಂದು ಕರೆದೆ. ಬಂದರು. ಊರಮ್ಮಕ್ಕ ನನ್ನನ್ನೇ ನೋಡಿದಳು. ಬೇಡಲಿಲ್ಲ. ಸುಮ್ಮನೆ ನೋಡಿದಳು.

"ಏನ್ರಿ ರಶ್ಮಿ?"

"ರಗ್ಗು ಹೊದಸ್ರಿ ಸಿಸ್ಟರ್. ಕೈ ತಣ್ಣಗಾಗೈತಿ."

ಹೊದಿಸಿ ಹೋದರು.

ಆಗಸ್ಟ್ 13, ಬುಧವಾರ

ಬಂದಿದ್ದಳು. ಕೂಸು ನಿದ್ದೆಯಲ್ಲಿ ನಗುತ್ತದಂತೆ. ಹೊಟ್ಟೆ ಉರಿಯುತ್ತದೇನು ಎಂದು ಕೇಳಿದೆ, ಸ್ವಲ್ಪ ಎಂದಳು. ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಬಸ್ಸು ಹತ್ತಿದ್ದೆ. ಡಾಕ್ಟರ್ ಮೇಡಂ ರಜೆ. ಓಬಣ್ಣನಿಗೆ ಹೇಳಬಹುದಿತ್ತು. ಸಿಸ್ಟರಿಗೆ ಹೇಳಬಹುದಿತ್ತು. ಶುಕ್ರವಾರ ಹೇಳುತ್ತೇನೆ.

ಆಗಸ್ಟ್ 15, ಶುಕ್ರವಾರ

ಹಾಸಿಗೆ ಖಾಲಿ. ಬಸ್ಸು ಸಿಗಲಿಲ್ಲವೇನೋ ಎಂದ ಓಬಣ್ಣ. ಬಾಗಿಲಲ್ಲಿ ಧ್ವಜ ಏರಿಸಿ ಬೂಂದಿ ಹಂಚುತ್ತಿದ್ದರು. ಆಗಲಾದರೂ ಸಿಸ್ಟರಿಗೆ ಎಲ್ಲ ಹೇಳಿದೆ. ಅವರು ಫೋನ್ ಮಾಡಿದರು. ಸ್ವಿಚ್ ಆಫ್.

ಆಗಸ್ಟ್ 18, ಸೋಮವಾರ

ಗುರುವಾರವೇ ಹೋದಳಂತೆ. ಬೆಳಿಗ್ಗೆ ರಕ್ತ ಕಾರಿಕೊಂಡು, ಸಿರುಗುಪ್ಪದ ಆಸ್ಪತ್ರೆ ಮುಟ್ಟುವ ಮೊದಲೇ.

ನಾನು ಶುಕ್ರವಾರ ಹೇಳುತ್ತೇನೆ ಎಂದು ಬರೆದಿದ್ದೇನೆ. ಮೇಲೆ ಇದೆ.

ಆಗಸ್ಟ್ 23, ಶನಿವಾರ

ಜಂಬಣ್ಣ ಬಂದಿದ್ದ. ಬಳ್ಳಾರಿಯಲ್ಲಿ ಆಸ್ಪತ್ರೆ ಕಾಗದ ತೆಗೆದುಕೊಂಡು, ಕುರುಗೋಡಿನಲ್ಲಿ ಪಾರ್ಲರ್ ಎಲ್ಲಿ ಎಂದು ಕೇಳುತ್ತಾ ಬಂದನಂತೆ. ಹೆಂಗಸರ ಅಂಗಡಿ ಎಂದು ಒಳಗೆ ಬರಲು ಹಿಂಜರಿದ. ನಾನೇ ಕರೆದು ಕುರ್ಚಿ ಕೊಟ್ಟೆ. ಇವರು ಒಳಗೆ ಚಹ ಮಾಡುತ್ತಿದ್ದರು.

ಅಂಗಿಯ ಜೇಬಿನಿಂದ ಒಂದು ಫೋಟೋ ತೆಗೆದ. ಅಕ್ಷತಾ ಮೊಬೈಲಿನಲ್ಲಿ ತೆಗೆದದ್ದು. ಊರಮ್ಮಕ್ಕ ಬಚ್ಚಲಲ್ಲಿ, ಕಾಲ ಮೇಲೆ ಕೂಸು, ಹಬೆಯಲ್ಲಿ ಮುಖ ಅರ್ಧ ಮಾತ್ರ. ಕೈ ಪೂರಾ ಕಾಣುತ್ತದೆ.

"ಆಕೀದು ಬ್ಯಾರೆ ಫೋಟೋನ ಇಲ್ರಿ. ಗ್ವಾಡಿಗೆ ಹಾಕಾಕ ಇದರಾಗಿಂದ ಮುಖ ಅಷ್ಟ ಕತ್ತರಿಸಿ ದೊಡ್ಡದು ಮಾಡ್ಯಾನ ಸ್ಟುಡಿಯೋದವ. ಇದು ಪೂರಾ ಐತಿ. ನಿಮಗ ಅಂತ ತಂದೆ."

ಹಿಡಿದುಕೊಂಡೆ.

"ಕಡೀಗೆ ಹದಿನೈದು ದಿನ ನಕ್ಕೋತ ಇದ್ಳರಿ. ಕೂಸಿನ ಕೆಳಗ ಇಟ್ಟಿಲ್ಲ. ರಶ್ಮವ್ವ ಔಷಧ ಕೊಟ್ಟಾಳ ಅಂತಿದ್ಳು. ನಿಮ್ಮ ಪುಣ್ಯಾರಿ ತಾಯಿ. ರಕ್ತ ಕಾರಿದ್ಳು ಖರೆ, ಕಿಡ್ನಿ ಹೋದೋರಿಗೆ ಹಂಗ ಆಗ್ತೈತಿ ಅಂತ ಎಲ್ರೂ ಅಂದ್ರು."

ಅಲ್ಲಿಗೇ ಬಿಡಬಹುದಿತ್ತು. ಇವರು ಚಹದ ಲೋಟ ಹಿಡಿದು ಬಾಗಿಲಲ್ಲಿ ನಿಂತು, ಬೇಡ ಎಂಬಂತೆ ನನ್ನನ್ನು ನೋಡಿದರು. ಆ ಮುದುಕ ಕೈ ಮುಗಿದು ಕೂತಿದ್ದ. ಅದನ್ನೇ ತಡೆಯಲಾಗಲಿಲ್ಲ.

"ಕಿಡ್ನಿಯಿಂದ ಅಲ್ರಿ. ಆ ಪುಡಿಯಿಂದ. ನಾ ಕೊಟ್ಟಿದ್ದು. ನನಗೂ ಹಂಗ ಆಗಿತ್ತು, ನಾ ಉಳಕೊಂಡೆ. ಆಕಿ ಇನ್ನೂ ತಗೋತಾಳ ಅಂತ ಗೊತ್ತಿತ್ತು ನನಗ. ಆಸ್ಪತ್ರ್ಯಾಗ ಹೇಳ್ಲಿಲ್ಲ."

ಮುಗಿದಿದ್ದ ಕೈ ಬಿಡಿಸಿ ಮೊಣಕಾಲ ಮೇಲೆ ಇಟ್ಟುಕೊಂಡ. ಬೈಯಲಿ, ಹೊಡೆಯಲಿ ಎಂದು ಕಾದೆ.

"ಆಕಿಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ಇವ್ರು ನಿಮ್ಮ ಮನಿಗೆ ಬಂದು ಹೇಳಿದ್ರು. ನೀವು ಗದ್ದಿಗೆ ಹೋಗಿದ್ರಿ."

ತಲೆ ಆಡಿಸಿದ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ.

"ನನಗ ಹೇಳಿಲ್ಲ ನೋಡ್ರಿ ಆಕಿ" ಅಂದ. "ಮೂವತ್ನಾಕು ವರ್ಷ ಆತು. ನನಗ ಹೇಳಿಲ್ಲ."

ಚಹ ಕುಡಿಯಲಿಲ್ಲ. ಫೋಟೋ ವಾಪಸ್ಸು ಕೇಳಲೂ ಇಲ್ಲ.

ಆಗಸ್ಟ್ 29, ಶುಕ್ರವಾರ. ಬೆಳಿಗ್ಗೆ

ಮಣಿಕಟ್ಟಿನ ಆಪರೇಷನ್‌ಗೆ ಸೆಪ್ಟೆಂಬರ್ ಎಂದಿದ್ದಾರೆ. ಅದಾದರೂ ಪೂರಾ ಹೋಗುವುದಿಲ್ಲವಂತೆ, ಸ್ವಲ್ಪ ತಡೆಯಬಹುದು. ಆ ಪುಡಿಯವನ ಊರು, ಗುರುತು ಎಲ್ಲ ಡಾಕ್ಟರ್ ಮೇಡಂಗೆ ಹೇಳಿದೆ. ಬರೆದುಕೊಂಡರು. ಹೊನ್ನೂರಮ್ಮ ಹೇಳುತ್ತಿದ್ದಳು, ಇನ್ನೂ ಅಷ್ಟೇ ಜನ ಇರುತ್ತಾರಂತೆ.

ಊರಮ್ಮಕ್ಕನ ಹಾಸಿಗೆಗೆ ಬುಧವಾರ ಬೇರೆಯವಳು ಬಂದಳು. ಕರೂರಿನವಳು, ರಾಧಾ ಅಂತೆ ಹೆಸರು. ನನಗಿಂತ ಚಿಕ್ಕವಳು. ಕೈಗೆ ಟವೆಲ್ಲು ಸುತ್ತಿಕೊಂಡಿದ್ದಳು. ಮಷೀನು ತಿರುಗತೊಡಗಿದ ಸ್ವಲ್ಪ ಹೊತ್ತಿಗೆ ತುಟಿ ಕಚ್ಚಿ ಹಿಡಿದಳು. ನೋಡಿದ ಕೂಡಲೇ ತಿಳಿಯಿತು.

"ಅಕ್ಕಾ, ನಿಮಗೂ ಕೈ ಹಿಂಗ ನೋಯ್ತಾವೇನ್ರಿ?"

ನೋಯುತ್ತವೆ ಎಂದೆ.

"ಏನ್ ತಗೋತೀರಿ?"

ಪ್ಯಾರಾಸಿಟಮಾಲ್ ಎಂದೆ. ನಂಬಲಿಲ್ಲ. ಬೇರೆ ಏನೋ ಇದೆ, ಹೊಸಬಳೆಂದು ಹೇಳುತ್ತಿಲ್ಲ ಎಂದುಕೊಂಡಳು. ಅವಳ ಕಣ್ಣಲ್ಲಿ ಕಂಡಿತು.

ಇವತ್ತು ಮತ್ತೆ ಕೇಳುತ್ತಾಳೆ. ಎಲ್ಲ ಹೇಳಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೇನೆ. ಪುಡಿ, ನನ್ನ ಹೊಟ್ಟೆ, ಊರಮ್ಮಕ್ಕ, ಯಾವುದನ್ನೂ ಮುಚ್ಚದೆ. ಅವಳು ತಾನೇ ಹುಡುಕಿಕೊಂಡು ಹೋಗುವ ಮೊದಲು.

ಆದರೆ ಅವಳು ಮೊದಲು ಏನು ಕೇಳುತ್ತಾಳೆ ನನಗೆ ಗೊತ್ತು. ಸತ್ತದ್ದನ್ನಲ್ಲ. "ಕೂಸಿಗೆ ಎರೆಯುವಷ್ಟು ಕೈ ಆಡಿದ್ವೇನ್ರಿ?" ಎಂದು ಕೇಳುತ್ತಾಳೆ. ನಾನಾದರೂ ಅದನ್ನೇ ಕೇಳುತ್ತಿದ್ದೆ. ಆಗ ನಾನು ಹೌದು ಎನ್ನಬೇಕು. ಆಡಿದ್ದವು.